ತಾಯಿಚಿಟ್ಟೆ ಪರೀಕ್ಷೆ

ಎಂಟು ಗಂಟೆಗೆ ಬಿತ್ತನೆ ಕೋಠಿಯ ಬೀಗ ತೆಗೆಯುತ್ತೇನೆ.
ರಾತ್ರಿಯಿಡೀ ಮೊಟ್ಟೆಯಿಟ್ಟು ದಣಿದ ತಾಯಿಚಿಟ್ಟೆ,
ರೆಕ್ಕೆಯಿದ್ದೂ ಹಾರಲು ಬಾರದ್ದು,
ಅದನ್ನು ಕಲ್ಬತ್ತಿನಲ್ಲಿ ಅರೆಯುವುದು ನನ್ನ ಕೆಲಸ.
ಗಾಜಿನ ಮೇಲೆ ಒಂದು ಹನಿ. ಒಂದು ಕಣ್ಣು ಮುಚ್ಚಿ
ಇನ್ನೊಂದರಲ್ಲಿ ಹುಡುಕುತ್ತೇನೆ
ಗಂಟುರೋಗದ ಬೀಜ. ಪಾಲಿಶ್ ಅಕ್ಕಿಯ ನುಚ್ಚಿನ ಹಾಗೆ
ಹೊಳೆಯುತ್ತದೆ, ನೋಡಲು ಚೆಂದವೇ.
ಒಂದೇ ಒಂದು ಕಂಡರೂ
ಆ ತಾಯಿಯಿಟ್ಟ ನಾನೂರು ಮೊಟ್ಟೆ ಒಲೆಗೆ.
ಕಾಣದಿದ್ದರೆ ರಿಜಿಸ್ಟರಿನಲ್ಲಿ ‘ಇಲ್ಲ’.
ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ
ಇಲ್ಲ, ಇಲ್ಲ, ಇಲ್ಲ.

ಮಂಗಳವಾರ ಶಿಡ್ಲಘಟ್ಟದ ತಾಲ್ಲೂಕು ಕಚೇರಿಗೆ ಸಭೆಗೆಂದು ಕರೆದಿದ್ದರು.
ಗೋಡೆಯ ಮೇಲೆ ಲೋಕದ ನಕ್ಷೆ, ತುಂಬ ಕೆಂಪು ಚುಕ್ಕೆ.
ಡಾಕ್ಟರು ಎಳೆಯವರು, ಗಂಟಲು ಕಟ್ಟಿತ್ತು:
“ಮುಂದಿನದು ಬಂದೇ ಬರುತ್ತದೆ. ಬಾವಲಿಯಿಂದಲೋ, ಕೋಳಿಯಿಂದಲೋ,
ಇನ್ನೂ ಹೆಸರಿಡದ ಯಾವುದರಿಂದಲೋ. ಜಗತ್ತು ಸಿದ್ಧವಿರಬೇಕು.”
ಸಿಲಿಂಡರಿನ ಲೆಕ್ಕ ಕೇಳಿದರು. ಮಂಚದ ಲೆಕ್ಕ ಕೇಳಿದರು.
ಆಸ್ಪತ್ರೆ ಹಿಂದಿನ ಆಕ್ಸಿಜನ್ ಯಂತ್ರದ ಕೋಣೆಯ ಕೀ
ಯಾರ ಹತ್ತಿರ ಎಂದಾಗ ಮಾತ್ರ
ಎಲ್ಲರೂ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು.

ನನಗೆ ಪಿಳ್ಳಮುನಿಯಮ್ಮನ ನೆನಪಾಗುತ್ತಿತ್ತು.

ಅವಳ ಹುಳುಮನೆಗೆ ಯಾರೇ ಬರಲಿ
ಹೊಸ್ತಿಲ ಸುಣ್ಣ ತುಳಿದೇ ಒಳಗೆ ಬರಬೇಕು;
ಅಳಿಯನನ್ನೂ ಬಾಗಿಲಾಚೆ ಕೂರಿಸಿ ಕಾಫಿ ಕೊಟ್ಟವಳು.
ಬ್ಲೀಚಿಂಗ್ ಪುಡಿ, ಊಜಿ ನೊಣಕ್ಕೆ ಪರದೆ, ಬೇರೆ ಚಪ್ಪಲಿ,
ಡಾಕ್ಟರು ಓದಿದ ಪಟ್ಟಿಯಲ್ಲಿ ಅರ್ಧ
ಅವಳ ಅಟ್ಟದ ಮೇಲೆ ಮೊದಲಿನಿಂದಲೂ ಇತ್ತು.
ಆದರೂ ಆ ವರ್ಷ, ನಾಲ್ಕನೇ ಜ್ವರ ಎದ್ದ ಹುಳುಗಳಲ್ಲಿ
ಹಾಲುತೊಂಡೆ ಕಂಡಾಗ, ಐದೋ ಆರೋ,
ಊದಿಕೊಂಡು ತಟ್ಟೆಯಂಚಿಗೆ ತೆವಳಿದ್ದವು,
ಅವಳು ಯಾರಿಗೂ ಹೇಳಲಿಲ್ಲ.
ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ತಿಪ್ಪೆಗೆ ಚೆಲ್ಲಿದಳು.
ತಿಪ್ಪೆ ಕೆದಕಿದ ಕೋಳಿ, ಕೋಳಿ ಓಡಾಡಿದ ಓಣಿ,
ಹದಿನೇಳು ಮನೆಯ ಚಂದ್ರಿಕೆ ಖಾಲಿ.

“ಹೇಳಿದ್ರೆ ಮಾರ್ಕೆಟ್ನಾಗೆ ನನ್ನ ಗೂಡು ಯಾರು ಕೂಗೋರು?
ಅಮಾನುಲ್ಲಾ ಸಾಬರು ನನ್ನ ಲಾಟಿನ ಪಕ್ಕಕ್ಕೂ ಬತ್ತಿರಲಿಲ್ಲ.”

ಬೈಯಲು ಹೋಗಿದ್ದವಳು ನಾನು. ಬಾಯಿ ಬರಲಿಲ್ಲ.
ಅದೇ ಬೇಸಿಗೆ ನಮ್ಮಣ್ಣ
ಮೂರು ದಿನ ಕೆಮ್ಮನ್ನು ದಿಂಬಿಗೆ ಅದುಮಿಕೊಂಡಿದ್ದ,
ಬಾಗಿಲಿಗೆ ತಗಡು ಹೊಡೆಯುತ್ತಾರೆಂದು,
ಹಾಲಿನವನು ಬೀದಿ ಬದಲಿಸುತ್ತಾನೆಂದು.
ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಡುವ ನಾನು
ಪಕ್ಕದ ಕೋಣೆಗೆ ಕಣ್ಣು ಹಾಯಿಸಲಿಲ್ಲ.
ನಾಲ್ಕನೇ ದಿನ ಆಂಬುಲೆನ್ಸ್ ಬಂತು.
ದಿಂಬು ಈಗಲೂ ಇದೆ.

ದೇಶಗಳೂ ಹೀಗೇ ಇರಬೇಕು.
ಮೊದಲು ಕೆಮ್ಮು ಒಪ್ಪಿಕೊಂಡ ದೇಶದ ವಿಮಾನ ನಿಲ್ಲುತ್ತದೆ,
ಅದರ ಮಾವಿನ ಪೆಟ್ಟಿಗೆ ಬಂದರಿನಲ್ಲೇ ಕೊಳೆಯುತ್ತದೆ.
ಮುಂದಿನ ಸಲ ಯಾರು ಬಾಯಿಬಿಡುತ್ತಾರೆ?
ಇದನ್ನು ಹೇಳಬೇಕೆಂದೇ ಎದ್ದೆ.
ಅಷ್ಟರಲ್ಲಿ ಬೋಂಡ ಬಂತು, ಸಭೆ ಮುಗಿಯಿತು.

ಪಿಳ್ಳಮುನಿಯಮ್ಮನ ಊರಲ್ಲಿ ಈಗ ಒಂದು ಚೀಟಿ ನಡೆಯುತ್ತಿದೆ. ದುಡ್ಡಿನದಲ್ಲ.
ರೋಗ ಕಂಡವರು ತಾವೇ ಬಂದು ಹೇಳಿ ಹುಳು ಸುಟ್ಟರೆ
ಮಿಕ್ಕವರು ಗೂಡು ಬಿಡಿಸುವ ದಿನ
ಮನೆಗೆ ಎರಡೆರಡು ಕೆ.ಜಿ. ಅವರಿಗೆ ಎತ್ತಿಡಬೇಕು.
ಲೆಕ್ಕ ಅವಳದೇ, ಹುಳುಮನೆ ಗೋಡೆಯ ಮೇಲೆ ಇದ್ದಿಲಿನಲ್ಲಿ.
ಎರಡು ಸಲ ಕೊಟ್ಟಿದ್ದಾರೆ. ಒಂದು ಸಲ ಜಗಳವೂ ಆಗಿದೆ.

ಇವತ್ತಿನದು ನಲವತ್ತೊಂದನೇ ಚಿಟ್ಟೆ.
ಹೊರಗೆ ಜಂಗಮಕೋಟೆ ಕಡೆಯಿಂದ
ಗೂಡಿನ ಚೀಲ ಹೇರಿಕೊಂಡು ಆಟೋಗಳು ಬರುತ್ತಿವೆ.
ತಿರುಪು ತಿರುಗಿಸುತ್ತೇನೆ, ಮಂಜು ಸರಿಯುತ್ತದೆ.
ಮೂಲೆಯಲ್ಲಿ ಏನೋ ಹೊಳೆದ ಹಾಗೆ.
ಗಾಳಿಗುಳ್ಳೆ ಇರಬಹುದು.
ಇನ್ನೊಂದು ಹನಿ ಹಾಕುತ್ತೇನೆ.
ಪೆನ್ನಿನ ಮುಚ್ಚಳ ತೆಗೆದೇ ಇದೆ.